ಮೂಲೆಯ ಮೆಷೀನು, ತಟ್ಟೆ ಕೆಳಗಿನ ಕಾಗದ ಮತ್ತು ನಮ್ಮ ೞ

ನೀವು ಈಗ ಓದುತ್ತಿರುವ ಈ ಸಾಲು ನಿಮ್ಮ ಕಂಪ್ಯೂಟರಿಗೆ ಬಂದು ತಲುಪುವಾಗ ಒಂದೊಂದು ಕನ್ನಡ ಚಿಹ್ನೆಗೂ ಮೂರು ಮೂರು ಬೈಟು ತೆಗೆದುಕೊಂಡಿದೆ. 'ಕನ್ನಡ' ಅಂತ ಬರೆದರೆ ಕ, ನ, ಒತ್ತಕ್ಷರಕ್ಕೆ ಬೇಕಾದ ಅರ್ಧ ನಿಲುಗಡೆಯ ಚಿಹ್ನೆ, ಇನ್ನೊಂದು ನ, ಆಮೇಲೆ ಡ. ಒಟ್ಟು ಐದು ಚಿಹ್ನೆ, ಹದಿನೈದು ಬೈಟು. ಈ ಲೆಕ್ಕವನ್ನು ಹಾಕಿದ್ದು 1992ರ ಸೆಪ್ಟೆಂಬರಿನ ಒಂದು ರಾತ್ರಿ, ಅಮೆರಿಕದ ನ್ಯೂಜೆರ್ಸಿಯ ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಇಬ್ಬರು. ತಟ್ಟೆ ಕೆಳಗೆ ಹಾಸುವ ಕಾಗದದ ಮೇಲೆ! ಅವರ ಹೆಸರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಇಬ್ಬರೂ ಬೆಲ್ ಲ್ಯಾಬ್ಸ್‌ನವರು. ಅವರೇನೂ ಕನ್ನಡಕ್ಕೋಸ್ಕರ ಅದನ್ನು ಮಾಡಿದ್ದಲ್ಲ, ಬಿಡಿ. ಆದರೆ ನಾವೆಲ್ಲ ಇವತ್ತು ಕೂತಿರುವುದು ಆ ಕಾಗದದ ಮೇಲೆಯೇ.

ಆ ಊಟದ ಕಥೆಗೆ ಆಮೇಲೆ ಬರ್ತೀನಿ. ಸುಮಾರು ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ ಇದೆ. ಒಂದು ಹೊಸ ಯೋಚನೆ, ಒಬ್ಬಿಬ್ಬರ ಹುಚ್ಚಿನಿಂದ ಹುಟ್ಟಿದ್ದು, ಬೆಳೆದು ಒಂದು ಸಂಸ್ಥೆ ಆಗಿಬಿಟ್ಟರೆ ಅದರಲ್ಲಿ ಜೀವ ಉಳಿಯುತ್ತದಾ? ಕನ್ನಡದವರನ್ನು ಕೇಳಿದರೆ ಉತ್ತರ ರೆಡಿ ಇರುತ್ತದೆ. ಸ್ಥಾವರ, ಜಂಗಮ ಅಂತ ಎರಡು ಪದ ನಮ್ಮ ಹತ್ತಿರ ಎಂಟುನೂರು ವರ್ಷದಿಂದ ಇದೆಯಲ್ಲ, ಅದನ್ನು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಸಂಸ್ಥೆ ಅಂದರೆ ಸ್ಥಾವರ, ಸ್ಥಾವರ ಅಂದರೆ ಮುಗೀತು. ನನಗೂ ಹಾಗೇ ಹೇಳಿ ಮುಗಿಸುವ ಆಸೆ. ಆದರೆ ನನ್ನ ಹೊಟ್ಟೆಪಾಡಿನ ಕಸುಬಿನ ಚರಿತ್ರೆ ಓದುತ್ತಾ ಹೋದರೆ ಅದು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದಿಲ್ಲ.

ಬೆಲ್ ಲ್ಯಾಬ್ಸ್‌ನಿಂದಲೇ ಶುರು ಮಾಡೋಣ. 1925ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಕಟ್ಟಿದ ಸಂಶೋಧನಾ ಸಂಸ್ಥೆ ಇದು. ಸಣ್ಣಪುಟ್ಟದ್ದಲ್ಲ. 1947ರ ಡಿಸೆಂಬರಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಇಲ್ಲಿ. 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿ ಅಂದರೆ ಏನು, ಅದನ್ನು ಅಳೆಯೋದು ಹೇಗೆ ಅಂತ ಗಣಿತದಲ್ಲಿ ಬರೆದಿಟ್ಟದ್ದೂ ಇಲ್ಲೇ. ದೇಶದ ಬಹುಪಾಲು ಟೆಲಿಫೋನುಗಳು ಒಂದೇ ಕಂಪನಿಯ ಕೈಯಲ್ಲಿದ್ದಾಗ ಬರುವ ದುಡ್ಡು ಇತ್ತಲ್ಲ, ಅದರ ಒಂದು ಪಾಲು ಇಲ್ಲಿಗೆ ಹರಿಯುತ್ತಿತ್ತು. ಮ್ಯಾನೇಜರು, ಅವರ ಮೇಲೊಬ್ಬ ಮ್ಯಾನೇಜರು, ಡೈರೆಕ್ಟರು, ಅಪ್ರೂವಲ್ಲು, ಎಲ್ಲ ಇದ್ದ ಪಕ್ಕಾ ಸಂಸ್ಥೆ.

ಈ ಸಂಸ್ಥೆ 1960ರ ದಶಕದ ನಡುವಿನಲ್ಲಿ ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಮಲ್ಟಿಕ್ಸ್ ಅನ್ನೋ ದೊಡ್ಡ ಆಪರೇಟಿಂಗ್ ಸಿಸ್ಟಂ ಕಟ್ಟಲು ಹೊರಟಿತು. ನೂರಾರು ಜನ ಒಂದೇ ಸಲ ಒಂದೇ ಕಂಪ್ಯೂಟರನ್ನು ಬಳಸುವಂತೆ ಮಾಡುವ ಯೋಜನೆ. ಮೂರು ಘನ ಸಂಸ್ಥೆಗಳು ಸೇರಿದರೆ ಏನಾಗಬೇಕೋ ಅದೇ ಆಯ್ತು: ತಡ, ಖರ್ಚು, ಮತ್ತೆ ತಡ. 1969ರಲ್ಲಿ ಬೆಲ್ ಲ್ಯಾಬ್ಸ್ ಕೈ ಕೊಡವಿ ಹೊರಗೆ ಬಂತು. ಆ ಯೋಜನೆಯಲ್ಲಿದ್ದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮುಂತಾದವರ ಕೈಗೆ ಕೆಲಸವಿಲ್ಲ, ಒಳ್ಳೇ ಮೆಷೀನೂ ಇಲ್ಲ.

ಮುಂದಿನದ್ದು ಇಂಜಿನಿಯರುಗಳಿಗೆ ಪುರಾಣದ ಹಾಗೆ ಗೊತ್ತಿರುವ ಕಥೆ. ಗೊತ್ತಿಲ್ಲದವರಿಗೋಸ್ಕರ ಹೇಳ್ತೀನಿ. ಥಾಂಪ್ಸನ್ ಒಂದು ಆಟ ಬರೆದಿದ್ದ, ಸೌರಮಂಡಲದಲ್ಲಿ ನೌಕೆ ಓಡಿಸುವ ಆಟ. ದೊಡ್ಡ ಕಂಪ್ಯೂಟರಿನಲ್ಲಿ ಅದನ್ನು ಒಂದು ಸಲ ಆಡಿದರೆ 75 ಡಾಲರಿನಷ್ಟು ಮೆಷೀನಿನ ಸಮಯ ಖರ್ಚಾಗುತ್ತಿತ್ತು. ಹಾಗಾಗಿ ಯಾರೂ ಹೆಚ್ಚು ಬಳಸದೆ ಮೂಲೆಯಲ್ಲಿ ಬಿದ್ದಿದ್ದ ಪಿಡಿಪಿ-7 ಅನ್ನೋ ಪುಟ್ಟ ಮೆಷೀನಿಗೆ ಆಟವನ್ನು ಸಾಗಿಸಿದ. ಅದರ ಮೆಮೊರಿ 18 ಬಿಟ್ಟಿನ ಎಂಟು ಸಾವಿರ ಚಿಲ್ಲರೆ ಪದಗಳು, ಅಂದರೆ ಸುಮಾರು 18 ಕಿಲೋಬೈಟು. ಈ ಲೇಖನ ಪೂರ್ತಿ ಅದರಲ್ಲಿ ಹಿಡಿಸುತ್ತಿರಲಿಲ್ಲ :-) 1969ರ ಬೇಸಿಗೆಯಲ್ಲಿ ಹೆಂಡತಿ ಮಗುವನ್ನು ಕರೆದುಕೊಂಡು ಊರಿಗೆ ಹೋದಾಗ ಸಿಕ್ಕ ಬಿಡುವಿನಲ್ಲಿ ಈತ ಆಪರೇಟಿಂಗ್ ಸಿಸ್ಟಮ್ಮಿಗೆ ಒಂದು ವಾರ, ಶೆಲ್ಲಿಗೆ ಒಂದು ವಾರ, ಎಡಿಟರಿಗೆ ಒಂದು ವಾರ, ಅಸೆಂಬ್ಲರಿಗೆ ಒಂದು ವಾರ ಅಂತ ಹಂಚಿಕೊಂಡು ಬರೆದು ಮುಗಿಸಿದ. ಯುನಿಕ್ಸ್ ಹುಟ್ಟಿತು. ಹೆಸರೂ ಮಲ್ಟಿಕ್ಸನ್ನು ಗೇಲಿ ಮಾಡಿ ಇಟ್ಟದ್ದು. ಅದು ಬಹು, ಇದು ಒಂದೇ.

ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸಿ 'ನೋಡಿ, ದೊಡ್ಡ ಸಂಸ್ಥೆ ಸೋತಿತು, ಒಬ್ಬ ಮನುಷ್ಯ ಗೆದ್ದ' ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಬಿಡುವಿನ ವಾರಗಳಲ್ಲಿ ಥಾಂಪ್ಸನ್ನನಿಗೆ ಸಂಬಳ ಕೊಟ್ಟದ್ದು ಯಾರು? ಮೂಲೆಯಲ್ಲಿ ಧೂಳು ಹಿಡಿದಿದ್ದ ಮೆಷೀನು ಯಾರದ್ದು? ಪಕ್ಕದ ಕೋಣೆಗೆ ಹೋಗಿ ಚರ್ಚೆ ಮಾಡಲು ರಿಚಿ, ಮೆಕಿಲ್‌ರಾಯ್ ಅಂಥವರನ್ನು ಒಂದೇ ಸೂರಿನ ಕೆಳಗೆ ತಂದು ಕೂರಿಸಿದ್ದು ಯಾರು? ಮೂಲೆ ಇರಬೇಕಾದರೆ ಮನೆ ಇರಬೇಕಲ್ಲ. ಬೆಲ್ ಲ್ಯಾಬ್ಸ್‌ನ ನಿಜವಾದ ದೊಡ್ಡತನ ಅದು ಮಾಡಿದ ಯೋಜನೆಗಳಲ್ಲಿ ಇತ್ತೋ, ಅದು ಲೆಕ್ಕ ಕೇಳದೆ ಬಿಟ್ಟ ಮೂಲೆಗಳಲ್ಲಿ ಇತ್ತೋ? ನನ್ನ ಓಟು ಮೂಲೆಗಳಿಗೆ.

ಲೆಕ್ಕ ಕೇಳದೇ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಹೊಸ ಆಪರೇಟಿಂಗ್ ಸಿಸ್ಟಂ ಮಾಡುತ್ತೇವೆ, ಮೆಷೀನು ಕೊಡಿಸಿ ಅಂತ ಇವರು ಹಾಕಿದ ಅರ್ಜಿಗಳನ್ನು ಮೇಲಿನವರು ತಳ್ಳಿಹಾಕಿದರು. ಮಲ್ಟಿಕ್ಸ್ ಗಾಯ ಇನ್ನೂ ಹಸಿಯಾಗಿತ್ತು. ಕೊನೆಗೆ 1970ರಲ್ಲಿ ಇವರು ಬೇರೆ ದಾರಿ ಹಿಡಿದರು. ಬರಹವನ್ನು ತಿದ್ದಿ, ಜೋಡಿಸಿ, ಅಚ್ಚು ಹಾಕುವ ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ ಅರ್ಜಿ ಹಾಕಿದರು. ಮೊತ್ತ ಸುಮಾರು 65 ಸಾವಿರ ಡಾಲರ್. ಮಂಜೂರಾಯ್ತು. ಬಂದ ಪಿಡಿಪಿ-11ರಲ್ಲಿ ಯುನಿಕ್ಸನ್ನು ಕೂರಿಸಿದರು. ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗದ ಟೈಪಿಸ್ಟುಗಳು 1971ರಲ್ಲಿ ಅದರ ಮೊದಲ ನಿಜವಾದ ಬಳಕೆದಾರರಾದರು. ಪೇಟೆಂಟ್ ಅರ್ಜಿಯಲ್ಲಿ ಸಾಲುಗಳಿಗೆ ನಂಬರು ಹಾಕಬೇಕು, ಅದನ್ನು ಯುನಿಕ್ಸ್ ಮಾಡುತ್ತಿತ್ತು. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಕೂತಿರುವ ಲಿನಕ್ಸಿನ ತಾತನ ಮೊದಲ ಉದ್ಯೋಗ ಗುಮಾಸ್ತಗಿರಿ!

1973ರ ಹೊತ್ತಿಗೆ ಬಂದ ಪೈಪ್ ಅನ್ನೋದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಗ್ ಮೆಕಿಲ್‌ರಾಯ್ ಇವರ ವಿಭಾಗದ ಮುಖ್ಯಸ್ಥ. ತೋಟಕ್ಕೆ ನೀರು ಹಾಯಿಸುವ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಸೇರಿಸುತ್ತೇವಲ್ಲ, ಪ್ರೋಗ್ರಾಮುಗಳನ್ನೂ ಹಾಗೆ ಜೋಡಿಸಲು ಬರಬೇಕು ಅಂತ ಆತ 1964ರಲ್ಲೇ ಒಂದು ಟಿಪ್ಪಣಿಯಲ್ಲಿ ಬರೆದಿದ್ದ. ವರ್ಷಗಟ್ಟಲೆ ಬೆನ್ನು ಬಿಡದೆ ಹೇಳುತ್ತಲೇ ಬಂದ. ಆದರೆ ಆಜ್ಞೆ ಮಾಡಲಿಲ್ಲ. ಒಂದು ರಾತ್ರಿ ಥಾಂಪ್ಸನ್ ಕೂತು ಅದನ್ನು ಬರೆದುಬಿಟ್ಟ. ಮರುದಿನದಿಂದ ಆ ಕೋಣೆಯಲ್ಲಿದ್ದವರೆಲ್ಲ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಪೋಣಿಸಿ ಆಟ ಆಡತೊಡಗಿದರು. ಒಂಬತ್ತು ವರ್ಷ ಹೇಳುತ್ತಲೇ ಇದ್ದು, ಆದರೂ ಬಲವಂತ ಮಾಡದ ಬಾಸು! ನಮಗೆ ಸಿಕ್ಕಿದರೆ ಬಿಡಬಾರದು.

ಈಗ ನನಗೆ ತುಂಬಾ ವಿಚಿತ್ರ ಅನ್ನಿಸುವ ಭಾಗಕ್ಕೆ ಬರ್ತೀನಿ. ಯುನಿಕ್ಸ್ ಹರಡಿದ್ದು ಒಂದು ಕೋರ್ಟು ಒಪ್ಪಂದದ ದಯೆಯಿಂದ. ಎಟಿ ಅಂಡ್ ಟಿ ಏಕಸ್ವಾಮ್ಯ ನಡೆಸುತ್ತಿದೆ ಅಂತ ಅಮೆರಿಕ ಸರ್ಕಾರ 1949ರಲ್ಲಿ ಕೇಸು ಹಾಕಿತ್ತು. 1956ರಲ್ಲಿ ರಾಜಿಯಾಯಿತು: ಕಂಪನಿ ಟೆಲಿಫೋನು ವ್ಯವಹಾರ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈ ಹಾಕಬಾರದು. ಹಾಗಾಗಿ ಯುನಿಕ್ಸನ್ನು ಸರಕು ಮಾಡಿ ಮಾರುವ ಹಾಗಿರಲಿಲ್ಲ. 1974ರಲ್ಲಿ ಥಾಂಪ್ಸನ್ ಮತ್ತು ರಿಚಿ ಬರೆದ ಲೇಖನ ಪ್ರಕಟವಾದ ಮೇಲೆ ವಿಶ್ವವಿದ್ಯಾಲಯಗಳು ನಮಗೂ ಕೊಡಿ ಅಂತ ಕೇಳಿದವು. ಕಂಪನಿ ಅಲ್ಪಸ್ವಲ್ಪ ಶುಲ್ಕ ತಗೊಂಡು, ಸೋರ್ಸ್ ಕೋಡ್ ಸಮೇತ ಟೇಪಿಗೆ ತುಂಬಿ ಕೊಟ್ಟಿತು. ಷರತ್ತು ಏನೆಂದರೆ ಸಪೋರ್ಟ್ ಇಲ್ಲ, ಬಗ್ ಇದ್ದರೆ ನೀವೇ ನೋಡಿಕೊಳ್ಳಿ, ದುಡ್ಡು ಮೊದಲೇ ಕೊಡಿ.

ಸಪೋರ್ಟ್ ಇಲ್ಲ ಅಂದದ್ದೇ ಒಳ್ಳೆಯದಾಯ್ತು ನೋಡಿ. ತಗೊಂಡವರು ಕೋಡ್ ಬಿಚ್ಚಿ ಓದಿದರು, ಸರಿ ಮಾಡಿದರು, ಒಬ್ಬರಿಗೊಬ್ಬರು ಟೇಪು ಕಳಿಸಿಕೊಂಡರು. 1975ರಲ್ಲಿ ಥಾಂಪ್ಸನ್ ಒಂದು ವರ್ಷ ಬರ್ಕ್ಲಿಗೆ ಪಾಠ ಹೇಳಲು ಹೋದ. ಅಲ್ಲಿನ ಹುಡುಗರು ಅದನ್ನು ಹಿಡಿದುಕೊಂಡು ತಮ್ಮದೇ ಆವೃತ್ತಿ ಕಟ್ಟಿದರು. ಸಂಸ್ಥೆಗೆ ತನ್ನ ಐಡಿಯಾವನ್ನು ಸಂಸ್ಥೆಯಾಗಿಸುವ ಹಕ್ಕು ಇರಲಿಲ್ಲ, ಅದಕ್ಕೇ ಅದು ಜಂಗಮವಾಯಿತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಅನ್ನೋ ಮೇಷ್ಟ್ರು ಇದ್ದರು. 1976-77ರಲ್ಲಿ ಅವರು ಯುನಿಕ್ಸ್‌ನ ಆರನೇ ಆವೃತ್ತಿಯ ಹೃದಯಭಾಗವನ್ನು, ಸುಮಾರು ಒಂಬತ್ತು ಸಾವಿರ ಸಾಲು ಕೋಡನ್ನು, ತಮ್ಮ ವಿದ್ಯಾರ್ಥಿಗಳಿಗೋಸ್ಕರ ಅಚ್ಚು ಹಾಕಿಸಿ ಅದಕ್ಕೊಂದು ವ್ಯಾಖ್ಯಾನ ಬರೆದರು. ನಮ್ಮ ಕಡೆ ಪಂಪಭಾರತಕ್ಕೋ ಶಬ್ದಮಣಿದರ್ಪಣಕ್ಕೋ ಟೀಕೆ ಬರೆಯುತ್ತಾರಲ್ಲ, ಥೇಟ್ ಹಾಗೆ. ಒಂದು ಕಡೆ ಮೂಲ, ಇನ್ನೊಂದು ಕಡೆ ವಿವರಣೆ. ನಿಜವಾಗಿ ಕೆಲಸ ಮಾಡುವ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಮೊದಲಿಂದ ಕೊನೆವರೆಗೆ ಓದಿ ಅರ್ಥ ಮಾಡಿಕೊಳ್ಳಬಹುದು ಅನ್ನೋದನ್ನು ಅದು ತೋರಿಸಿಕೊಟ್ಟಿತು. 1979ರಲ್ಲಿ ಏಳನೇ ಆವೃತ್ತಿ ಬಂದಾಗ ಎಟಿ ಅಂಡ್ ಟಿಯ ವಕೀಲರು ಎಚ್ಚೆತ್ತರು. ಹೊಸ ಲೈಸೆನ್ಸಿನಲ್ಲಿ ಸೋರ್ಸ್ ಕೋಡನ್ನು ತರಗತಿಯಲ್ಲಿ ಪಾಠ ಮಾಡುವ ಹಾಗಿಲ್ಲ ಅಂತ ಬರೆದರು. ಲಯನ್ಸ್ ಪುಸ್ತಕ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಕದ್ದು ಓಡಾಡಿತು. ಅಧಿಕೃತವಾಗಿ ಅಚ್ಚಾಗಲು 1996 ಬರಬೇಕಾಯ್ತು. ಲಯನ್ಸ್ ತೀರಿಕೊಂಡದ್ದು 1998ರಲ್ಲಿ. ಕಣ್ಣಾರೆ ನೋಡಿದರು ಅನ್ನೋದೊಂದೇ ಸಮಾಧಾನ.

ಪಾಠ ಮಾಡಬಾರದು ಅಂದದ್ದಕ್ಕೆ ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟ್ಯಾನೆನ್‌ಬಾಮ್ ಅನ್ನೋ ಇನ್ನೊಬ್ಬ ಮೇಷ್ಟ್ರು ಮಿನಿಕ್ಸ್ ಅಂತ ತಮ್ಮದೇ ಒಂದು ಪುಟ್ಟ ಸಿಸ್ಟಮ್ಮನ್ನು ಬರೆದು 1987ರಲ್ಲಿ ಪುಸ್ತಕದ ಜೊತೆ ಕೊಟ್ಟರು. ಅದನ್ನು ಓದಿ, ಬಳಸಿ, ಸಾಕಾಗದೆ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅನ್ನೋ ವಿದ್ಯಾರ್ಥಿ 1991ರಲ್ಲಿ ಲಿನಕ್ಸ್ ಬರೆದ. ವಕೀಲರು ಒಂದು ಬಾಗಿಲು ಹಾಕಿದರು, ನೀರು ಹಿತ್ತಲಿನಿಂದ ಹರಿಯಿತು.

1984ರ ಜನವರಿ ಒಂದರಂದು ಎಟಿ ಅಂಡ್ ಟಿ ಒಡೆದು ಹೋಳಾಯಿತು, ಅದರ ಜೊತೆಗೇ ಹಳೆಯ ಕಟ್ಟುಪಾಡು ಹೋಯಿತು. ಈಗ ಯುನಿಕ್ಸನ್ನು ಧಾರಾಳವಾಗಿ ಮಾರಬಹುದು. ಮಾರಿದರು. ಆಮೇಲಿನದ್ದು ಹೇಳಲು ಬೇಜಾರು: ಒಂದೊಂದು ಕಂಪನಿಗೆ ಒಂದೊಂದು ಯುನಿಕ್ಸ್, 1988ರಲ್ಲಿ ಎರಡು ಬಣ, 1992ರಲ್ಲಿ ಬರ್ಕ್ಲಿಯವರ ಕೋಡಿನ ಮೇಲೆ ಕೇಸು, 1994ರಲ್ಲಿ ರಾಜಿ, ಈ ನಡುವೆ ಯುನಿಕ್ಸ್ ವ್ಯವಹಾರವೇ ನೊವೆಲ್ ಕಂಪನಿಗೆ ಮಾರಾಟ. ಮಾರಬಾರದು ಅಂದಾಗ ಹದಿನೈದು ವರ್ಷ ನಳನಳಿಸಿದ್ದು, ಮಾರಬಹುದು ಅಂದ ಹತ್ತೇ ವರ್ಷಕ್ಕೆ ಬಾಡಿತು.

ನಾನು ಇಂಜಿನಿಯರಿಂಗ್ ಓದುವಾಗ ಯುನಿಕ್ಸ್ ನಮಗೆ ಮೂರನೇ ಸೆಮಿಸ್ಟರಿನ ಒಂದು ಸಬ್ಜೆಕ್ಟು. 'ಯುನಿಕ್ಸ್‌ನ ವೈಶಿಷ್ಟ್ಯಗಳನ್ನು ವಿವರಿಸಿ' ಅನ್ನೋ ಪ್ರಶ್ನೆಗೆ ಏಳೆಂಟು ಪಾಯಿಂಟು ಬಾಯಿಪಾಠ. ಪೈಪ್ ಅಂದರೆ ಎರಡು ಅಂಕ. ಆ ರಾತ್ರಿ, ಆ ಮೆಕಿಲ್‌ರಾಯ್, ತೋಟದ ಪೈಪು, ಇದ್ಯಾವುದೂ ನಮ್ಮ ಕಿವಿಗೆ ಬೀಳಲಿಲ್ಲ. ಇದನ್ನೆಲ್ಲ ನಾನು ಓದಿದ್ದು ಕೆಲಸ ಸಿಕ್ಕಿದ ಮೇಲೆ, ಬಸ್ಸಿನಲ್ಲಿ, ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಕೂತು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ 'ಇನ್ನೋವೇಶನ್ ಸೆಲ್' ಅಂತ ಒಂದಿತ್ತು. ನಾವು ಮೂರು ಜನ ಸಂಜೆ ಹೊತ್ತು ಕೂತು ನಮ್ಮ ಅನುಕೂಲಕ್ಕೆ ಅಂತ ಒಂದು ಸಣ್ಣ ಟೂಲ್ ಮಾಡಿಕೊಂಡಿದ್ದೆವು. ಅದು ಯಾರದ್ದೋ ಕಣ್ಣಿಗೆ ಬಿತ್ತು, ಸೆಲ್ಲಿಗೆ ಸೇರಿಸಿದರು. ಆಮೇಲೆ ಪ್ರತಿ ಶುಕ್ರವಾರ ಒಂದು ಫಾರಂ ತುಂಬಬೇಕು: ಈ ವಾರ ಏನು ಹೊಸತು ಯೋಚಿಸಿದಿರಿ, ಅದರಿಂದ ಎಷ್ಟು ಗಂಟೆ ಉಳಿತಾಯ? ಟೂಲ್ ಸತ್ತಿತು, ಫಾರಂ ಬಹುಶಃ ಈಗಲೂ ಇದ್ದೀತು. ಬೆಲ್ ಲ್ಯಾಬ್ಸ್‌ನಲ್ಲಿ ಮೂಲೆ ತಾನಾಗಿ ಉಳಿದಿತ್ತು. ಇವರು ಮೂಲೆಯನ್ನೇ ಒಂದು ಡಿಪಾರ್ಟ್‌ಮೆಂಟ್ ಮಾಡಲು ಹೋದರು.

ಇರಲಿ. ಹೋಟೆಲಿಗೆ ಹೋಗೋಣ.

ಯುನಿಕ್ಸ್ ವ್ಯಾಪಾರವಾಗುತ್ತಿದ್ದಾಗ ಅದನ್ನು ಹುಟ್ಟಿಸಿದವರು ಏನು ಮಾಡುತ್ತಿದ್ದರು? ಅವರು ಅದನ್ನು ಬಿಟ್ಟಾಗಿತ್ತು! ಅದೇ ಮರ್ರೆ ಹಿಲ್ಲಿನ ಕಟ್ಟಡದಲ್ಲಿ ಕೂತು ಪ್ಲಾನ್ 9 ಅಂತ ಇನ್ನೊಂದು ಹೊಸ ಸಿಸ್ಟಂ ಕಟ್ಟುತ್ತಿದ್ದರು. ಜಗತ್ತಿನ ಎಲ್ಲ ಲಿಪಿಗಳೂ ಅದರಲ್ಲಿ ಬರಬೇಕು ಅನ್ನೋದು ಅವರ ಆಸೆಗಳಲ್ಲಿ ಒಂದು. ಆಗ ತಾನೇ ಯುನಿಕೋಡ್ ಬಂದಿತ್ತು. ಪ್ರತಿ ಅಕ್ಷರಕ್ಕೂ ಒಂದು ನಂಬರು ಅನ್ನುವುದು ಸರಿ, ಆದರೆ ಆ ನಂಬರನ್ನು ಬೈಟುಗಳಲ್ಲಿ ಬರೆಯೋದು ಹೇಗೆ? ಆಗಿದ್ದ ವಿಧಾನಗಳು ಒಂದೋ ಹಳೆಯ ಇಂಗ್ಲಿಷ್ ಫೈಲುಗಳನ್ನೆಲ್ಲ ಕೆಡಿಸುತ್ತಿದ್ದವು, ಇಲ್ಲವೇ ನಡುವೆ ಒಂದು ಬೈಟು ಕಳೆದುಹೋದರೆ ಮುಂದಿನದ್ದೆಲ್ಲ ಗೋಜಲಾಗುತ್ತಿತ್ತು. ಎಕ್ಸ್/ಓಪನ್ ಅನ್ನೋ ಸಮಿತಿಯ ಸಭೆಯಲ್ಲಿದ್ದವರು ಫೋನ್ ಮಾಡಿ, ನಾವೊಂದು ವಿಧಾನ ಮಾಡಿದ್ದೇವೆ, ನೋಡಿ ಹೇಳಿ ಅಂದರು. ಇವರು ನೋಡಿದರು, ಇದಕ್ಕಿಂತ ಚೆನ್ನಾಗಿ ಮಾಡಬಹುದಲ್ಲ ಅನ್ನಿಸಿತು, ಊಟಕ್ಕೆ ಹೋದರು. ಊಟದ ಮೇಜಿನಲ್ಲಿ ಥಾಂಪ್ಸನ್ ಬಿಟ್ಟುಗಳ ಜೋಡಣೆಯನ್ನು ಬರೆದ, ವಾಪಸ್ ಬಂದು ಫೋನ್ ಮಾಡಿದರು. ಕೆಲವೇ ದಿನಗಳಲ್ಲಿ ಪ್ಲಾನ್ 9 ಪೂರ್ತಿ ಹೊಸ ವಿಧಾನಕ್ಕೆ ಬದಲಾಯಿತು. ಅದೇ ಯುಟಿಎಫ್-8.

ಅದರ ಚೆಂದ ಏನು ಗೊತ್ತಾ? ರೈಲು ನೋಡಿ. ಎಲ್ಲಿ ನಿಂತು ನೋಡಿದರೂ ಇದು ಎಂಜಿನ್, ಇದು ಬೋಗಿ ಅಂತ ಗೊತ್ತಾಗುತ್ತದೆ. ಯುಟಿಎಫ್-8ರಲ್ಲೂ ಹಾಗೆ. ಅಕ್ಷರದ ಮೊದಲ ಬೈಟು ಎಂಜಿನ್, ನನ್ನ ಹಿಂದೆ ಎಷ್ಟು ಬೋಗಿ ಇದೆ ಅಂತ ಅದೇ ಹೇಳುತ್ತದೆ. ಹಿಂದಿನ ಬೋಗಿಗಳಿಗೆಲ್ಲ ಬೋಗಿಯ ಗುರುತು. ಇಂಗ್ಲಿಷ್ ಅಕ್ಷರ ಮಾತ್ರ ಬೋಗಿಯಿಲ್ಲದ ಒಂಟಿ ಎಂಜಿನ್, ಹಳೆಯ ಫೈಲುಗಳು ಇದ್ದ ಹಾಗೇ ನಡೆಯುತ್ತವೆ. ಕನ್ನಡಕ್ಕೆ ಒಂದು ಎಂಜಿನ್, ಎರಡು ಬೋಗಿ. ಇಂಗ್ಲಿಷಿಗೆ ಒಂದು ಬೈಟು ನಮಗೆ ಮೂರು, ಇದು ಅನ್ಯಾಯ ಅಂತ ಕೆಲವರು ಗೊಣಗುವುದುಂಟು. ನನಗೇನೂ ಬೇಜಾರಿಲ್ಲ. ಇವತ್ತು ಜಾಲತಾಣಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಈ ರೈಲಿನಲ್ಲೇ ಓಡಾಡುತ್ತಿವೆ.

ಪ್ಲಾನ್ 9? ಅದನ್ನು ಯಾರೂ ಬಳಸಲಿಲ್ಲ ಅನ್ನಬಹುದು. ಸಂಸ್ಥೆಯ ಯೋಜನೆ ಹೋಯಿತು, ಮೇಜಿನ ಕಾಗದ ಉಳಿಯಿತು. ಆದರೆ ಇಲ್ಲೂ ಒಂದು ತೊಡಕಿದೆ. ಆ ರಾತ್ರಿ ಫೋನಿನ ಆ ಕಡೆ ಒಂದು ಸಮಿತಿ ಕಾಯುತ್ತಿರಲಿಲ್ಲ ಅಂದುಕೊಳ್ಳಿ. ಆಗ ಯುಟಿಎಫ್-8 ಪ್ಲಾನ್ 9ರ ಜೊತೆಗೇ ಮಣ್ಣಾಗುತ್ತಿತ್ತೋ ಏನೋ. ಸಮಿತಿ ಅಂದರೆ ನಮಗೆ ಅಲರ್ಜಿ. ಒಳ್ಳೆಯದನ್ನು ಕಂಡ ಕೂಡಲೇ ತನ್ನದನ್ನು ಬದಿಗಿಟ್ಟು ಅದನ್ನು ಎತ್ತಿಕೊಂಡ ಸಮಿತಿಗೆ ಮಾತ್ರ ನಾನು ಕೈ ಮುಗಿಯುತ್ತೇನೆ.

ಇನ್ನು ಯುನಿಕೋಡ್. ಇದಂತೂ ಸ್ಥಾವರದ ಪರಾಕಾಷ್ಠೆ. 1988ರಲ್ಲಿ ಜೆರಾಕ್ಸ್ ಕಂಪನಿಯ ಜೋ ಬೆಕರ್ ಒಂದು ಕರಡು ಬರೆದಾಗ ಅದೊಂದು ಹುಮ್ಮಸ್ಸಿನ ಕನಸು. 16 ಬಿಟ್ಟು, ಅಂದರೆ 65,536 ಜಾಗ, ಲೋಕದ ಇವತ್ತಿನ ಬರವಣಿಗೆಗೆಲ್ಲ ಸಾಕು ಅನ್ನೋ ಲೆಕ್ಕ. (ಸಾಕಾಗಲಿಲ್ಲ. 1996ರಲ್ಲೇ ಗೋಡೆ ಒಡೆದು ಮನೆ ದೊಡ್ಡದು ಮಾಡಬೇಕಾಯ್ತು.) 1991ರಲ್ಲಿ ಕನ್ಸಾರ್ಷಿಯಂ ಆಯ್ತು, ಮೊದಲ ಆವೃತ್ತಿ ಬಂತು. ಅದರಲ್ಲೇ ಕನ್ನಡವೂ ಇತ್ತು. ಭಾರತದ ಇಸ್ಕಿ ಅನ್ನೋ 1988ರ ಮಾನಕವನ್ನು ಹಾಗೇ ಎತ್ತಿಕೊಂಡದ್ದರಿಂದ ನಮ್ಮ ಲಿಪಿಗಳೆಲ್ಲ ಒಂದೇ ಅಚ್ಚಿನ ಮನೆಗಳ ಹಾಗೆ ಸಾಲಾಗಿ ಕೂತಿವೆ. ದೇವನಾಗರಿಯ ಕ ತನ್ನ ಮನೆಯಲ್ಲಿ ಯಾವ ಮೂಲೆಯಲ್ಲಿದೆಯೋ ಕನ್ನಡದ ಕ ಕೂಡ ತನ್ನ ಮನೆಯ ಅದೇ ಮೂಲೆಯಲ್ಲಿ. ಓಟು ಹಾಕುವ ಹಕ್ಕು ಬಹುಪಾಲು ಚಂದಾ ಕಟ್ಟುವ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಿಗೆ.

1996ರಲ್ಲಿ ಎರಡನೇ ಆವೃತ್ತಿ ಬಂದಾಗ ಕೊರಿಯನ್ ಭಾಷೆಯ ಅಕ್ಷರಗಳನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸ್ಥಳಾಂತರ ಮಾಡಿದರು. ಹಳೆಯ ಜಾಗದಲ್ಲಿ ಬರೆದಿಟ್ಟದ್ದೆಲ್ಲ ಅನಾಥವಾಯ್ತು. ಆ ಗಲಾಟೆಯಿಂದ ಪಾಠ ಕಲಿತು ಒಂದು ಶಪಥ ಮಾಡಿದರು: ಇನ್ನು ಮುಂದೆ ಒಂದು ಅಕ್ಷರಕ್ಕೆ ಕೊಟ್ಟ ಜಾಗವನ್ನು ಎಂದಿಗೂ ಬದಲಿಸುವುದಿಲ್ಲ, ಕಿತ್ತುಹಾಕುವುದಿಲ್ಲ, ಅದರ ಹೆಸರನ್ನೂ ತಿದ್ದುವುದಿಲ್ಲ. ತಪ್ಪಿದ್ದರೂ ಸರಿ!

ಈ ಶಪಥಕ್ಕೆ ನಮ್ಮ ಕನ್ನಡದ ಒಂದು ಅಕ್ಷರ ಸಿಕ್ಕಿಹಾಕಿಕೊಂಡಿದೆ. ೞ. ಹಳಗನ್ನಡದ್ದು. ಹಳಗನ್ನಡ ಅನ್ನೋ ಪದವೇ ಮೊದಲು ಪೞಗನ್ನಡ ಆಗಿತ್ತು. ಏಳು ಏೞ್ ಆಗಿತ್ತು. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಯಲ್ಲಿ ನಾಲಿಗೆ ಮಡಚುತ್ತಾರಲ್ಲ, ಅದೇ ದನಿ. ನಮ್ಮಲ್ಲಿ ಅದು ಬರಬರುತ್ತಾ ಳ ಜೊತೆ ಬೆರೆತುಹೋಯಿತು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಈ ಅಕ್ಷರದ ಬಗ್ಗೆ ತಲೆ ಕೆಡಿಸಿಕೊಂಡು ಬರೆದಿದ್ದಾನೆ. ಯುನಿಕೋಡ್ ಪಟ್ಟಿಯಲ್ಲಿ ಇದಕ್ಕೆ ಜಾಗ ಇದೆ. ಆದರೆ ಹೆಸರು? 'ಕನ್ನಡ ಲೆಟರ್ ಫಾ'! ಇಂಗ್ಲಿಷಿನ ಎಫ್, ಎ. ಫ್ಯಾನು, ಫೋನು ಅನ್ನುವಾಗಿನ ಫ. ೞಗೂ ಫಗೂ ಎತ್ತಣಿಂದೆತ್ತ ಸಂಬಂಧ? ತಪ್ಪು ಅಂತ ಅವರಿಗೂ ಗೊತ್ತು. ಪಟ್ಟಿಯಲ್ಲೇ ಪಕ್ಕದಲ್ಲಿ ಈ ಹೆಸರು ತಪ್ಪು ಅಂತ ಟಿಪ್ಪಣಿ ಹಾಕಿದ್ದಾರೆ, ಸರಿಯಾದ ಹೆಸರನ್ನು ಒಂದು ಅಡ್ಡಹೆಸರಾಗಿ ಕೊಟ್ಟಿದ್ದಾರೆ. ಮೂಲ ಹೆಸರು ಮಾತ್ರ ಇದ್ದ ಹಾಗೇ ಇರುತ್ತದೆ. ರೇಶನ್ ಕಾರ್ಡಿನಲ್ಲಿ ತಪ್ಪಾಗಿ ಬಿದ್ದ ಹೆಸರನ್ನೇ ಜೀವಮಾನ ಪೂರ್ತಿ ಹೊತ್ತುಕೊಂಡು ತಿರುಗುವ ಅಜ್ಜನ ಹಾಗೆ.

ಮೊದಲ ಸಲ ಇದನ್ನು ಓದಿದಾಗ ನಗು ಬಂತು. ಎರಡನೇ ಸಲ ಯೋಚಿಸಿದಾಗ ಒಂದು ಥರ ನೆಮ್ಮದಿ ಆಯ್ತು. ಯಾಕೆ ಅಂದರೆ, ಆ ಹೆಸರನ್ನು ತಿದ್ದುವ ಸ್ವಾತಂತ್ರ್ಯ ಅವರಿಗೆ ಇದ್ದಿದ್ದರೆ ಬೇರೆಯದನ್ನು ತಿದ್ದುವ ಸ್ವಾತಂತ್ರ್ಯವೂ ಇರುತ್ತಿತ್ತು. ಯುನಿಕೋಡಿಗೆ ಮೊದಲು ನಮ್ಮಲ್ಲಿ ಏನಿತ್ತು ಅಂತ ಹಿರಿಯ ಬ್ಲಾಗಿಗರಿಗೆ ನಾನು ಹೇಳಬೇಕಾಗಿಲ್ಲ. ಆಗ ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಕೆ.ಪಿ. ರಾವ್ ಅವರ ಕೀಲಿಮಣೆ ಬಂತು, 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಗಣಕ ಪರಿಷತ್ತಿನ ನುಡಿ ಬಂತು. ಎಲ್ಲ ಒಬ್ಬಿಬ್ಬರ, ಹತ್ತು ಜನರ ಉತ್ಸಾಹದಿಂದ ಆದ ಅಪ್ಪಟ ಸೃಜನಶೀಲ ಕೆಲಸಗಳು. ಆದರೆ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಪ್ರಶ್ನಾರ್ಥಕ, ಡಾಲರು, ಅರ್ಧ ಆವರಣ. ಆ ಕಾಲದಲ್ಲಿ ಜಾಲಕ್ಕೆ ಹಾಕಿದ ಎಷ್ಟೋ ಕನ್ನಡ ಬರಹ ಈಗ ತೆರೆದರೆ ಕಾಗೆ ಗುಬ್ಬಚ್ಚಿ ಕಾಲು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂದು, ಎಲ್ಲರ ಕಂಪ್ಯೂಟರಿನಲ್ಲೂ ಕ ಅಂದರೆ ಅದೇ ಕ ಅಂತ ಆದ ಮೇಲಲ್ಲವೇ ಯಾರೋ ಶಿರಸಿಯಲ್ಲಿ ಬರೆದದ್ದನ್ನು ಇನ್ಯಾರೋ ಸಿಂಗಾಪುರದಲ್ಲಿ ಕೂತು ಓದಲು ಶುರು ಮಾಡಿದ್ದು?

ಹಾಗಾಗಿ ನನ್ನ ಪ್ರಶ್ನೆಯ ಆಕಾರವೇ ಈಗ ಬದಲಾಗಿದೆ. ಬೆಲ್ ಲ್ಯಾಬ್ಸ್ ಒಳಗೆ ಸಂಸ್ಥೆ ಜೀವಂತವಾಗಿದ್ದದ್ದು ಅದು ಬದಲಾಗಲು ಬಿಟ್ಟದ್ದರಿಂದ. ಯುನಿಕೋಡ್ ನಮಗೆ ಉಪಕಾರ ಮಾಡಿದ್ದು ಬದಲಾಗದೆ ಸತ್ತ ಹಾಗೆ ಬಿದ್ದಿರುವುದರಿಂದ. ಅಕ್ಷರಮಾಲೆ ಅಲ್ಲಾಡಬಾರದು, ಅದರ ಮೇಲೆ ಬರೆಯುವವನು ಅಲ್ಲಾಡಬೇಕು. ಒಂದು ಐಡಿಯಾದ ಯಾವ ಭಾಗ ಗಟ್ಟಿಯಾಗಬೇಕು, ಯಾವ ಭಾಗ ಹಸಿಯಾಗಿರಬೇಕು ಅನ್ನೋದನ್ನು ಯಾರು ತೀರ್ಮಾನಿಸುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆಯೇನೋ. 1979ರ ವಕೀಲರು ಹಸಿಯಾಗಿರಬೇಕಾದ್ದನ್ನು ಗಟ್ಟಿ ಮಾಡಲು ಹೋದರು. ಲಿನಕ್ಸ್ ಕೂಡ ಈಗ ದೊಡ್ಡ ದೊಡ್ಡ ಕಂಪನಿಗಳ ದುಡ್ಡಿನಲ್ಲಿ ನಡೆಯುವ ಸಂಸ್ಥೆಯೇ. ಆದರೆ ಅದರ ಲೈಸೆನ್ಸಿನ ಪ್ರಕಾರ ಯಾರು ಬೇಕಾದರೂ ಕೋಡ್ ಎತ್ತಿಕೊಂಡು ಬೇರೆ ಮನೆ ಮಾಡಬಹುದು. ಆ ಬಾಗಿಲು ತೆರೆದಿರುವುದರಿಂದಲೇ ಒಳಗಿದ್ದವರು ಸ್ವಲ್ಪ ಹುಷಾರಾಗಿರುತ್ತಾರೆ.

ಬೆಲ್ ಲ್ಯಾಬ್ಸ್ 1996ರಲ್ಲಿ ಲೂಸೆಂಟ್ ಕೈಗೆ, 2006ರಲ್ಲಿ ಆಲ್ಕಾಟೆಲ್ ಜೊತೆಗೆ, 2016ರಲ್ಲಿ ನೋಕಿಯಾಗೆ ಹೋಯಿತು. ಡೆನ್ನಿಸ್ ರಿಚಿ 2011ರ ಅಕ್ಟೋಬರಿನಲ್ಲಿ ತೀರಿಕೊಂಡರು, ಸ್ಟೀವ್ ಜಾಬ್ಸ್ ಹೋದ ಒಂದು ವಾರಕ್ಕೆ. ಲೋಕ ಜಾಬ್ಸ್‌ಗೆ ಅಳುತ್ತಿದ್ದದ್ದರಿಂದ ರಿಚಿಗೆ ಅಷ್ಟು ಕಣ್ಣೀರು ಉಳಿದಿರಲಿಲ್ಲ. ಥಾಂಪ್ಸನ್ ಮತ್ತು ಪೈಕ್ ಗೂಗಲ್ಲಿಗೆ ಹೋಗಿ ಅಲ್ಲೊಂದು ಹೊಸ ಭಾಷೆ ಹುಟ್ಟಿಸಿದರು. ನಾನು ಆಫೀಸಿನಲ್ಲಿ ದಿನಾ ಬರೆಯುವುದು ಅದನ್ನೇ.

ಇಷ್ಟೆಲ್ಲ ಬರೆಯಲು ಕಾರಣವಾದದ್ದು ತುಳು ಲಿಪಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ. ಮೊದಲ ಪ್ರಸ್ತಾವ ಹೋದದ್ದು 2011ರಲ್ಲಿ. ಹದಿಮೂರು ವರ್ಷ! ಅಷ್ಟರಲ್ಲಿ ನಗುವ ಮುಖ, ಅಳುವ ಮುಖ, ಪಿಜ್ಜಾ, ಬರ್ಗರು ಎಲ್ಲದಕ್ಕೂ ಜಾಗ ಸಿಕ್ಕಿತ್ತು ಅನ್ನೋದು ಬೇರೆ ಮಾತು. ಹೆಸರು ತುಳುವೋ ತಿಗಳಾರಿಯೋ ಅನ್ನುವುದಕ್ಕೆ ನಡುವೆ ಒಂದು ಅಡ್ಡಗೆರೆ ಹಾಕಿ ರಾಜಿ ಮಾಡಿದ್ದಾರೆ, ಆ ಹೆಸರೂ ಇನ್ನು ಬದಲಾಗುವುದಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಸಂಸ್ಕೃತ, ಕನ್ನಡ, ತುಳು ಎಲ್ಲವನ್ನೂ ಈ ಲಿಪಿಯಲ್ಲಿ ಓಲೆಗರಿಯ ಮೇಲೆ ಬರೆಯುತ್ತಿದ್ದರು. ಈಗ ಅದು ಅಧಿಕೃತ, ಶಾಶ್ವತ. ನನ್ನ ಫೋನಿನಲ್ಲಿ ಮಾತ್ರ ಸದ್ಯಕ್ಕೆ ಸಾಲುಸಾಲು ಖಾಲಿ ಚೌಕ. ನಿಮ್ಮಲ್ಲಿ ಯಾರಿಗಾದರೂ ಆ ಲಿಪಿ ಓದಲು ಬರುತ್ತದಾ? ಯಾರ ಮನೆಯ ಅಟ್ಟದಲ್ಲಾದರೂ ಅಜ್ಜನ ಕಾಲದ ಓಲೆಗರಿ ಕಟ್ಟು ಇದೆಯಾ? ಇದ್ದರೆ ಒಂದೆರಡು ಗರಿಯನ್ನು ಟೈಪ್ ಮಾಡಿ ನೋಡೋಣ ಅಂತಿದ್ದೀನಿ. ಫಾಂಟ್ ಹಾಕಿಕೊಂಡು ಕೀಲಿಮಣೆ ಜೋಡಿಸುವ ಕೆಲಸ ನನ್ನದು, ಓದಿ ಹೇಳುವುದು ನಿಮ್ಮದು.